ಮಂಜಿನಲ್ಲಿ ಕೇಳಿದ ಕೂ

ತೋಟದ ಕವಲುದಾರಿಯಲ್ಲಿ ಎಡಕ್ಕೆ ತಿರುಗಿದ್ದೇ ತಡ, ಬೆನ್ನ ಹಿಂದಿನ ಮಂಜಿನಿಂದ ‘ಕೂ’ ಎಂಬ ಕೂಗು ಕೇಳಿತು. ದಾರಿ ತಪ್ಪಿದೆನೆಂದು ತಿಳಿದು ನಾನೂ ‘ಕೂ’ ಎಂದು ಓಗೊಟ್ಟು ಬಲಕ್ಕೆ ತಿರುಗಿದೆ.

ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾದ ಮೇಲೆ ನನಗೆ ದಾರಿಗಳೇ ಮರೆತುಹೋಗಿದ್ದವು. ಆಸ್ಪತ್ರೆಯವರ ಸಲಹೆಯಂತೆ ದಿನವೂ ನಾನು ಮುಂದೆ ನಡೆಯುತ್ತಿದ್ದೆ, ಅಕ್ಕನ ಗಂಡ ದೂರದಲ್ಲಿ ಹಿಂದೆ ಬರುತ್ತಿದ್ದರು. ನಾನು ತಪ್ಪಿದರೆ, ಕಾಫಿ ಕೊಯ್ಯುವವರು ಒಬ್ಬರನ್ನೊಬ್ಬರು ಕರೆಯುವಂತೆ ಕೂ ಹಾಕುತ್ತಿದ್ದರು. ಒಬ್ಬನೇ ಓಡಾಡುವಂತಾದರೆ ಮಾತ್ರ ಮೂಡಿಗೆರೆಯ ಕಾಲೇಜಿನ ಪಾಠದ ಕೆಲಸಕ್ಕೆ ಮರಳಬಹುದಿತ್ತು.

ಬಣಕಲ್ ರಸ್ತೆಯ ಗೇಟು ತಲುಪಿದರೆ ಭಾವ ಆಗಲೇ ಅಲ್ಲಿ ಜೀಪಿನಲ್ಲಿ ಕೂತಿದ್ದರು.

“ನೀವು ನನ್ ಹಿಂದೆ ಬರ್ಲಿಲ್ವಾ ಭಾವ? ಮತ್ತೆ ಕೂ ಹಾಕಿದ್ಯಾರು?”

“ಇವತ್ತು ನಿನ್ನೊಬ್ಬನ್ನೇ ಬಿಟ್ಟು ನೋಡಣ ಅಂತ ಮೊದ್ಲೇ ಬಂದ್ಬಿಟ್ಟೆ ಮಾರಾಯ. ಎರಡು ಕೂನೂ ಇಲ್ಲಿಗೇ ಕೇಳ್ತು. ಎರಡೂ ನಿಂದೇ ದನಿ.”

ಈಗ ದಿನವೂ ಒಬ್ಬನೇ ಕಾಲೇಜಿಗೆ ಹೋಗುತ್ತೇನೆ. ವಿಜ್ಞಾನ ಓದಿದವನಾಗಿ, ಮಿದುಳು ಹಾಗೂ ಮಾಡೀತು ಎಂದು ಒಪ್ಪುತ್ತೇನೆ. ಆದರೆ ಆ ಮೊದಲ ಕೂ ಹಾಕುವಾಗ ನನ್ನ ಬಾಯಿ ತೆರೆದ ನೆನಪು ಮಾತ್ರ ಇಂದಿಗೂ ನನಗಿಲ್ಲ.