ನಾನಿಲ್ಲದಾಗ ಕೊಟ್ಟ ವೀಳ್ಯ

ಗುಜರಾತಿನಲ್ಲಿ ಭೂಮಿ ನಡುಗಿದ ಮೇಲೆ ನರ್ಸುಗಳು ಬೇಕೆಂದು ನಮ್ಮ ಚನ್ನಪಟ್ಟಣದ ಆಸ್ಪತ್ರೆಗೂ ಕರೆ ಬಂತು. ನನ್ನ ಮಗನಿಗೆ ಆಗಿನ್ನೂ ಒಂದೂವರೆ ವರ್ಷ. ಹೋಗಲಾರೆ ಎಂದು ನಾನು ಹೇಳುವ ಮೊದಲೇ ನನ್ನ ಗಂಡ, ‘ಹೋಗಿ ಬಾ, ಪುಣ್ಯದ ಕೆಲ್ಸ. ಮಗೂನ ಊರಲ್ಲಿ ಅತ್ತಿಗೆ ನೋಡ್ಕೊತಾರೆ’ ಎಂದರು. ಊರೆಂದರೆ ಉಯ್ಯಂಬಳ್ಳಿ ಕಡೆಯ ಅವರ ಮನೆ. ಅತ್ತಿಗೆ ಎಂದರೆ ನನ್ನ ಓರಗಿತ್ತಿ, ಮಕ್ಕಳಿಲ್ಲದವಳು; ನಾನು ಅಕ್ಕ ಎಂದೇ ಕರೆಯುತ್ತಿದ್ದೆ. ಇಂಥ ಗಂಡ ಯಾರಿಗೆ ಸಿಗುತ್ತಾನೆ ಎಂದು ರೈಲು ಹತ್ತುವಾಗ ಕಣ್ತುಂಬಿ ಬಂತು. ನನ್ನಂಥ ಪೆದ್ದಿ ಇನ್ನೊಬ್ಬಳಿರಲಿಲ್ಲ.

ಅಲ್ಲಿ ಆಸ್ಪತ್ರೆ ಎಂದರೆ ಡೇರೆ. ಕಟ್ಟಡದ ಒಂದು ಭಾಗ ಉಳಿದಿತ್ತು, ಆದರೆ ಸೂರಿನ ಕೆಳಗೆ ಮಲಗಲು ಯಾವ ರೋಗಿಯೂ ಒಪ್ಪುತ್ತಿರಲಿಲ್ಲ. ಡೇರೆಯ ಗಳಕ್ಕೆ ಡ್ರಿಪ್ ಬಾಟಲಿ ಕಟ್ಟುತ್ತಿದ್ದೆವು. ಬಾಟಲಿ ತಾನಾಗಿ ತೂಗಾಡಿತೋ, ಭೂಮಿ ಮತ್ತೆ ನಡುಗಿತೆಂದು ಕಾಲು ಮುರಿದವರೂ ಎದ್ದು ಓಡಲು ನೋಡುತ್ತಿದ್ದರು. ಅವರನ್ನು ಹಿಡಿದು ಮಲಗಿಸುವುದೇ ದೊಡ್ಡ ಕೆಲಸ. ಅವರ ಭಾಷೆ ನನಗೆ ಬಾರದು. ‘ಏನೂ ಆಗಲ್ಲ, ಮಲಕ್ಕಳಿ’ ಎಂದು ಕನ್ನಡದಲ್ಲೇ ಗದರುತ್ತಿದ್ದೆ. ಗದರಿಕೆ ಎಲ್ಲರಿಗೂ ಅರ್ಥವಾಗುತ್ತದೆ.

ಕುಸಿದ ಮನೆಯೊಳಗಿಂದ ತೆಗೆದ ಒಂದು ಹೆಣ್ಣುಕೂಸು ನನ್ನ ಪಾಲಿಗೆ ಬಂತು. ತಾಯಿ ಎಲ್ಲೆಂದು ಯಾರಿಗೂ ಗೊತ್ತಿಲ್ಲ. ನನ್ನ ಎದೆಹಾಲು ಇನ್ನೂ ಬತ್ತಿರಲಿಲ್ಲ, ಕುಪ್ಪಸ ಒದ್ದೆಯಾಗುತ್ತಿತ್ತು. ಹಾಲೂಡಿಸಿದೆ. ಕೂಸು ಕಣ್ಣು ಮುಚ್ಚಿ ಕುಡಿಯುವಾಗೆಲ್ಲ ಮಗನ ಕಡೆಗೇ ಜೀವ ಎಳೆಯುತ್ತಿತ್ತು. ಮೈಮೇಲಿನ ಗುರುತು ಹೇಳದ ಹೊರತು ಮಕ್ಕಳನ್ನು ಯಾರಿಗೂ ಕೊಡಬಾರದೆಂದು ದೊಡ್ಡ ಸಿಸ್ಟರ್ ಕಟ್ಟಪ್ಪಣೆ ಮಾಡಿದ್ದರು. ಇಸ್ತ್ರಿ ಮಾಡಿದ ಬಟ್ಟೆ ತೊಟ್ಟವನೊಬ್ಬ ತಾನು ಚಿಕ್ಕಪ್ಪನೆಂದು ಬಂದ. ಗುರುತು ಕೇಳಿದರೆ ತಡವರಿಸಿದ. ಅವನು ಕೈಚಾಚಿದಾಗ ಕೂಸನ್ನು ಎದೆಗವಚಿಕೊಂಡು ಕೂತುಬಿಟ್ಟೆ. ಕೊನೆಗೆ ಅಜ್ಜಿಯೊಬ್ಬಳು ಬಂದು, ಕೂಸನ್ನು ನೋಡುವ ಮೊದಲೇ ತನ್ನ ಮಂಡಿಯ ಹಿಂದೆ ಬೆರಳಿಟ್ಟು ತೋರಿಸಿದಳು. ಮಚ್ಚೆ ಅಲ್ಲೇ ಇತ್ತು. ಅಳುತ್ತಲೇ ಕೊಟ್ಟೆ, ಆದರೆ ಸರಿಯಾದವರಿಗೆ ಕೊಟ್ಟೆನೆಂಬ ಹೆಮ್ಮೆಯಿತ್ತು.

ಮರಳಿದವಳು ನೇರವಾಗಿ ಉಯ್ಯಂಬಳ್ಳಿ ಬಸ್ಸು ಹತ್ತಿದೆ. ಗಂಡನೂ ಊರಲ್ಲೇ ಇದ್ದರು. ಜಗಲಿಯ ಮೇಲೆ ನನ್ನ ಮಗ ಅಕ್ಕನ ಮಡಿಲಲ್ಲಿ ಕೂತು ಮುದ್ದೆಯ ಚೂರು ತಿನ್ನುತ್ತಿದ್ದ. ಕರೆದೆ. ಅವನು ಅವಳ ಕೊರಳು ತಬ್ಬಿ ‘ಅವ್ವ’ ಎಂದ.

ಮಗುವಿನ ಮುನಿಸು, ಸರಿಹೋಗುತ್ತದೆ ಎಂದುಕೊಂಡೆ. ಅಷ್ಟರಲ್ಲಿ ಅತ್ತೆ ಒಳಗಿನಿಂದ ಬಂದರು. ‘ವೀಳ್ಯ ಆಗೋಯ್ತು ಕಣವ್ವ. ನೆಂಟ್ರಿಷ್ಟರ ಮುಂದೇನೇ ದೊಡ್ಡವಳ ಮಡ್ಲಿಗೆ ಹಾಕಿದ್ದೀವಿ. ನಿಂಗೆ ಇನ್ನೊಂದಾಯ್ತದೆ, ಅವಳ್ಗೆ ಯಾರವ್ರೆ?’

ಮಕ್ಕಳಿಲ್ಲದ ಅಣ್ಣನಿಗೆ ತಮ್ಮನ ಮಗುವನ್ನು ಹಾಗೆ ಕೊಡುವುದು ನಮ್ಮ ಕಡೆ ಉಂಟು. ಎಲೆಯಡಿಕೆ ಕೈಬದಲಾದರೆ ಮುಗಿಯಿತು, ಹಿಂದಕ್ಕೆ ಕೇಳುವಂತಿಲ್ಲ. ಆದರೆ ಹೆತ್ತವಳನ್ನು ಸಾಗಹಾಕಿ ಕೊಡುವುದನ್ನು ನಾನು ಎಲ್ಲೂ ಕೇಳಿರಲಿಲ್ಲ.

‘ನನ್ನ ಕೇಳ್ದೆ ಹೆಂಗೆ ಕೊಟ್ರಿ?’ ಎಂದು ಕೂಗಿದೆ. ‘ಊರಿಗೆ ಉಪಕಾರಿ, ಮನೆಗೆ ಮಾರಿ’ ಎಂದು ಅತ್ತೆ ಗೊಣಗಿದರು. ಅಕ್ಕ ಮಾತ್ರ ಬಿಳಿಚಿಕೊಂಡಳು.

‘ನೀನೇ ಒಪ್ಪಿದ್ದೀಯ ಅಂದ್ರಲ್ಲವ್ವ. ಕಣ್ಮುಂದೆ ಕೊಡಕ್ಕಾಗಲ್ಲ, ಅದ್ಕೇ ದೂರ ಓಯ್ತೀನಿ ಅಂತ ನೀನೇ ಅಂದೆ ಅಂದ್ರು.’

‘ಯಾರಂದ್ರು?’

ಅವಳು ನನ್ನ ಗಂಡನ ಕಡೆ ನೋಡಿದಳು. ಅವರು ಎದ್ದು ಚಪ್ಪಲಿ ಹುಡುಕತೊಡಗಿದರು. ಆ ಚಪ್ಪಲಿಯಲ್ಲೇ ಬಾರಿಸಬೇಕೆನ್ನಿಸಿತು.

ಅಕ್ಕನೇ ಮಗನನ್ನು ಎತ್ತಿ ನನ್ನ ತೋಳಿಗೆ ಕೊಟ್ಟಳು. ವೀಳ್ಯದ ಮಾತು ಮುರಿಯಿತೆಂದು ಅತ್ತೆ ಬೊಬ್ಬೆ ಹಾಕುತ್ತಿರುವಾಗಲೇ ನಾನು ಹೊಸಿಲು ದಾಟಿದೆ. ಬಸ್ಸು ಕನಕಪುರ ತಲುಪುವವರೆಗೂ ಅವನು ಅವಳಿಗಾಗಿಯೇ ಅತ್ತ. ಅಕ್ಕನ ಮೇಲೆ ನನಗೆ ಸಿಟ್ಟಿಲ್ಲ, ಅವಳಿಗೂ ನನ್ನಷ್ಟೇ ಮೋಸವಾಗಿತ್ತು.

ಕೆಲವು ದಿನ ಬಿಟ್ಟು ಗಂಡ ನನ್ನ ಆಸ್ಪತ್ರೆಯ ಕ್ವಾರ್ಟರ್ಸಿಗೆ ಬಂದರು. ‘ಅಣ್ಣನ ಮನೇಲೂ ಒಂದು ದೀಪ ಉರೀಲಿ ಅಂತ ಮಾಡ್ದೆ’ ಎಂದರು. ನಾನು ಬಾಗಿಲು ತೆರೆದೆ. ಸಂಸಾರ ನಡೆಯಿತು. ಒಂದು ಹೆಣ್ಣುಮಗುವೂ ಆಯಿತು. ಅದನ್ನು ಅವರ ಕೈಗೆ ಕೊಟ್ಟು ನಾನು ಒಂದು ದಿನವೂ ಬಚ್ಚಲಿಗೆ ಹೋಗಲಿಲ್ಲ. ತೊಟ್ಟಿಲನ್ನೇ ಬಚ್ಚಲ ಬಾಗಿಲಿಗೆ ಎಳೆದುಕೊಂಡು ಸ್ನಾನ ಮಾಡಿದೆ.