ಮುಡಿಪಿನ ಕಾಯಿಯ ಹಾಲು

ನಮ್ಮ ಮನೆಯಲ್ಲಿ ಕಾಯಿಹಾಲು ಎಂದರೆ ಹಬ್ಬದ ದಿನ ಶಾವಿಗೆಯ ಜೊತೆಗೆ, ಬೆಲ್ಲ ಏಲಕ್ಕಿ ಹಾಕಿದ್ದು. ಅದನ್ನು ಎಣ್ಣೆಯ ಬದಲು ಬೇಳೆಗೆ, ಸೋರೆಕಾಯಿಗೆ ಹಾಕಬಹುದೆಂದು ಐವತ್ತೆರಡು ವರ್ಷ ನನಗೆ ಯಾರೂ ಹೇಳಿರಲಿಲ್ಲ. ದಾವಣಗೆರೆಯಲ್ಲಿ ಒಗ್ಗರಣೆ ಚಟಪಟ ಎನ್ನದೆ ಅಡುಗೆ ಆದಂತಲ್ಲ. ಎಂ.ಸಿ.ಸಿ. ಬಡಾವಣೆಯ ನಮ್ಮ ಸಾಲಿನಲ್ಲಿ ಬೆಳಿಗ್ಗೆ ಯಾರ ಮನೆಯಲ್ಲಿ ಏನು ತಿಂಡಿ ಎಂದು ಮೂಗೇ ಹೇಳುತ್ತದೆ.

ಆ ವಾಸನೆಯೇ ನನ್ನ ಗಂಡನಿಗೆ ಆಗದಂತಾಯಿತು. ಗಂಟಲಿನ ಗಡ್ಡೆಗೆ ಆರು ವಾರ ಕರೆಂಟು, ಅಂದರೆ ರೇಡಿಯೇಷನ್, ಕೊಟ್ಟಿದ್ದರು. ಗಡ್ಡೆ ಹೋಯಿತು, ಬಾಯಿ ತುಂಬ ಹುಣ್ಣು ಉಳಿಯಿತು. ಖಾರ ಸುಡುತ್ತದೆ, ಹಾಲು ಕುಡಿದರೆ ಕಫ, ತುಪ್ಪ ಗಂಟಲಿಗೆ ಅಂಟಿಕೊಂಡು ಓಕರಿಕೆ. ಮಂಡಕ್ಕಿ ಮಿರ್ಚಿ ಇಲ್ಲದೆ ಸಂಜೆ ಕಳೆಯದ ಮನುಷ್ಯ ಗಂಜಿಯ ಲೋಟ ಕಂಡರೆ ಗೋಡೆಯ ಕಡೆ ತಿರುಗುತ್ತಿದ್ದರು.

ಆಸ್ಪತ್ರೆಯಲ್ಲಿ ಪಥ್ಯ ಹೇಳುವ ಹುಡುಗಿ ಅವರನ್ನು ತೂಕಕ್ಕೆ ನಿಲ್ಲಿಸಿದಳು.

"ನಲವತ್ತೇಳು ಐತ್ರಿ. ಎರಡು ವಾರ ಬಿಟ್ಟು ಬರ್ರಿ. ಇದಕ್ಕಿಂತ ಇಳಿದ್ರೆ ಮೂಗಿನಾಗ ಪೈಪ್ ಹಾಕಿ ಊಟ ಕೊಡಬೇಕಾಗ್ತೈತೆ."

ಎಣ್ಣೆ ತುಪ್ಪ ಆಗುವುದಿಲ್ಲ ಎಂದೆ. "ಕಾಯಿಹಾಲು ಹಾಕಿ ನೋಡ್ರಿ. ಜಿಡ್ಡು ಸಿಗ್ತೈತೆ, ಗಂಟಲಿಗೂ ಮೆತ್ತಗೆ ಇಳಿತೈತೆ," ಎಂದಳು.

"ನಾವೂ ಅದನ್ನೇ ಉಣ್ಣಬಹುದೇನವ್ವಾ?"

"ಉಣ್ರಿ. ಆದ್ರೆ ನಿಮಗೆ ಎರಡು ಚಮಚ ಸಾಕು, ಅದೂ ಕೊಬ್ಬೇ. ಎಣ್ಣಿ ಬದಲಿಗೆ ಹಾಕ್ರಿ, ಎಣ್ಣಿ ಜೊತಿಗೆ ಬ್ಯಾಡ."

ಬರುವಾಗ ಆಟೋದಲ್ಲಿ ನನ್ನ ಗಂಡ ಪಿಸುದನಿಯಲ್ಲಿ ಒಂದೇ ಮಾತು ಆಡಿದರು: "ಪೈಪ್ ಬ್ಯಾಡ. ನಾ ಹಾಕಿಸ್ಕಳಲ್ಲ." ಅವರ ತಂದೆಗೆ ಕೊನೆಗೆ ಪೈಪ್ ಹಾಕಿದ್ದರು. ಅದನ್ನು ತೆಗೆದದ್ದು ಅವರು ಹೋದ ಮೇಲೆ.

ಅಂದೇ ನಮ್ಮ ಅತ್ತೆ ಒಂದು ಜುಟ್ಟಿನ ಕಾಯಿಗೆ ಅರಿಶಿನ ಕುಂಕುಮ ಹಚ್ಚಿ, ಹಳದಿ ಬಟ್ಟೆಯಲ್ಲಿ ಕಟ್ಟಿ, ದೇವರ ಜಗಲಿಯ ಮೇಲೆ ಮುಡಿಪು ಇಟ್ಟರು. ಮಗನಿಗೆ ಪೈಪ್ ಬೀಳದಿದ್ದರೆ ಆ ಕಾಯಿಯನ್ನು ಹರಿಹರದ ದೇವರಿಗೆ ತಾವೇ ಒಯ್ದು ಒಪ್ಪಿಸುತ್ತೇನೆಂದು ಹರಕೆ. ಹರಕೆ ತೀರುವವರೆಗೆ ಮುಡಿಪಿನ ಕಾಯಿ ಒಡೆಯುವಂತಿಲ್ಲ.

ನಾನು ದಿನಕ್ಕೊಂದು ಕಾಯಿ ತುರಿದೆ. ಬೆಚ್ಚನೆ ನೀರು ಹಾಕಿ ಮಿಕ್ಸಿಯಲ್ಲಿ ತಿರುವಿ, ಪಂಚೆಯ ತುಂಡಿನಲ್ಲಿ ಹಿಂಡಿದರೆ ಮೊದಲು ಗಟ್ಟಿ ಹಾಲು. ಮತ್ತೆ ನೀರು ಹಾಕಿ ಹಿಂಡಿದರೆ ತೆಳು ಹಾಲು. ಸೋರೆಕಾಯಿ, ಹೆಸರುಬೇಳೆ ತೆಳು ಹಾಲಿನಲ್ಲಿ ಬೇಯಬೇಕು. ಗಟ್ಟಿ ಹಾಲನ್ನು ಒಲೆ ಆರಿಸಿದ ಮೇಲೆಯೇ ಹಾಕಬೇಕು, ಕುದಿಸಿದರೆ ಒಡೆಯುತ್ತದೆ. ಇದು ತಿಳಿಯುವಷ್ಟರಲ್ಲಿ ಎರಡು ಪಾತ್ರೆ ಚೆಲ್ಲಿದ್ದೆ. ನನಗೂ ಅತ್ತೆಗೂ ಅದೇ ಬೇಳೆ, ಮೇಲೆ ಎರಡು ಚಮಚ ಹಾಲು. ಎಣ್ಣೆಯ ಡಬ್ಬಿಗೆ ಕೈ ಹಾಕುವುದು ತಾನಾಗಿ ಕಡಿಮೆಯಾಯಿತು.

"ಸಾಸಿವಿ ಸಿಡಿಲಿಲ್ಲ, ಬೆಳ್ಳುಳ್ಳಿ ಕರಿಲಿಲ್ಲ, ಇದೇನ್ ಸಾರೇ ನಮ್ಮವ್ವ?" ಎನ್ನುತ್ತಿದ್ದರು ಅತ್ತೆ. "ಬಾಣಂತಿ ಸೈತ ಇದಕ್ಕಿಂತ ರುಚಿ ಉಂಡಾಳು."

"ಮತ್ತೆ ಎರಡು ಸಲ ಹಾಕಿಸ್ಕಂಡ್ರಿ?"

"ಕಾಯಿ ದಂಡ ಆಗಬಾರ್ದು ಅಂತ ಉಂಡೆ."

ರಾತ್ರಿ ದೀಪ ಹಚ್ಚಿದಾಗ ಆ ದಿನದ ಒಂದು ಒಳ್ಳೆಯದನ್ನು ದೇವರಿಗೆ ಹೇಳುವುದು ನನ್ನ ಅಭ್ಯಾಸ. ಇವತ್ತು ಆರು ಚಮಚ ಇಳಿಯಿತು. ಇವತ್ತು ಮಿಕ್ಸಿ ತಿರುಗುವಾಗ ಕರೆಂಟು ಹೋಗಲಿಲ್ಲ. ಹೇಳುತ್ತಿದ್ದೆ ಅಷ್ಟೆ. ಒಳಗೆ ಸಂತೋಷವೂ ಇರಲಿಲ್ಲ, ಭಯವೂ ಇರಲಿಲ್ಲ. ಹಲ್ಲು ಕೀಳಿಸಿಕೊಂಡ ದಿನದ ದವಡೆಯ ಹಾಗೆ ಇತ್ತು.

ತೂಕಕ್ಕೆ ಹೋಗುವ ಹಿಂದಿನ ದಿನ ಬೆಳಿಗ್ಗೆ ಕಾಯಿ ಒಡೆದೆ, ಕೆಟ್ಟಿತ್ತು. ಒಳಗಿನ ನೀರು ಕೊಳೆತ ವಾಸನೆ. ಬೇರೆ ಕಾಯಿ ತಂದಿರಲಿಲ್ಲ. ಅವರ ಗಂಟಲು ಸ್ವಲ್ಪ ಮಾತು ಕೇಳುವುದು ಬೆಳಗಿನ ಹೊತ್ತೇ. ಬಿಸಿಲೇರಿದರೆ ನೀರೂ ಬೇಡ ಎನ್ನುತ್ತಾರೆ. ಅಡುಗೆಕಟ್ಟೆಯ ಮೂಲೆಯಲ್ಲಿ ಹಿತ್ತಾಳೆ ತಟ್ಟೆಯ ಮೇಲೆ ಒಂದು ಕಾಯಿ ಕಾಣಿಸಿತು. ತೆಗೆದುಕೊಂಡೆ. ಜುಟ್ಟು ಕಿತ್ತೆ. ಅಂಗೈಗೆ ಹಳದಿ ಹತ್ತಿತು, ನಲ್ಲಿಯ ಕೆಳಗೆ ತೊಳೆದೆ. ಕಣ್ಣಿಗೆ ಕಂಡಿತ್ತು, ತಲೆಗೆ ಹೋಗಲಿಲ್ಲ. ಒಡೆದೆ, ತುರಿದೆ, ಹಿಂಡಿದೆ.

ಅಂದು ಅವರು ಒಂದು ಲೋಟ ಬೇಳೆಯ ಗಂಜಿಯನ್ನು ನಡುವೆ ನಿಲ್ಲಿಸದೆ ಕುಡಿದರು. ಲೋಟ ನನ್ನ ಕೈಗೆ ಕೊಟ್ಟು, "ಇನ್ನೊಂದೀಟು ಐತೇನು?" ಎಂದರು. ಎರಡು ತಿಂಗಳಲ್ಲಿ ಅವರು ಬಾಯಿಬಿಟ್ಟು ಊಟ ಕೇಳಿದ್ದು ಅದೇ ಮೊದಲು.

ಅತ್ತೆ ಸ್ನಾನ ಮುಗಿಸಿ, ಒಣಗಿದ ಹಳದಿ ಬಟ್ಟೆ ಹಿಡಿದು ಒಳಗೆ ಬಂದರು. ಮುಡಿಪಿಗೆ ಇರುವೆ ಹತ್ತಿತ್ತಂತೆ. ಹಿಂದಿನ ಸಂಜೆ ಬಿಚ್ಚಿ ಬಟ್ಟೆ ಒಗೆದು ಹಾಕಿ, ಕಾಯಿಯನ್ನು ತಟ್ಟೆಯಲ್ಲಿ ಇಟ್ಟಿದ್ದರು.

"ಇಲ್ಲಿದ್ದ ಕಾಯಿ ಎಲ್ಲಿ?"

ನನಗೆ ಸುಳ್ಳು ಹೊಳೆಯಲಿಲ್ಲ. "ಒಡದೆ ಅತ್ತಿ. ಅವರು ಕುಡಿದ್ರು," ಎಂದೆ.

ಅವರು ನೆಲದ ಮೇಲೆ ಕುಳಿತರು. ಬೈಯುತ್ತಾರೆ ಎಂದು ಕಾದೆ. ಬೈದಿದ್ದರೆ ನಾನು ಅಳುತ್ತಿದ್ದೆನೋ ಏನೋ. ಅವರು ಕೇಳಿದ್ದು ಒಂದೇ, "ಎಷ್ಟು ಕುಡಿದ?"

"ಲೋಟ ಪೂರ್ತಿ. ಮತ್ತೆ ಕೇಳಿ ಅರ್ಧ."

"ಅವನಿಗೆ ಹೇಳಬ್ಯಾಡ. ಹೆದರ್ತಾನೆ," ಎಂದರು. ಕಸದ ಬುಟ್ಟಿಯಿಂದ ಎರಡು ಕರಟ ಹುಡುಕಿ ತೆಗೆದು, ತೊಳೆದು, ಹಳದಿ ಬಟ್ಟೆಯಲ್ಲಿ ಕಟ್ಟಿ, ಮೊದಲಿನಂತೆ ಜಗಲಿಯ ಮೇಲೆಯೇ ಇಟ್ಟರು. ಆ ದಿನ ಅವರು ಊಟ ಮಾಡಲಿಲ್ಲ. ನಾಳೆ ತೂಕ ಇಳಿದಿದ್ದರೆ ಅದು ನನ್ನ ಕೈಯಿಂದಲೇ ಆದದ್ದು ಎಂದು ಇಬ್ಬರಿಗೂ ಗೊತ್ತಿತ್ತು.

ಮರುದಿನ ಆಸ್ಪತ್ರೆಯಲ್ಲಿ ಆ ಹುಡುಗಿ ನನ್ನ ಗಂಡನ ಚಪ್ಪಲಿ ಬಿಡಿಸಿ ತೂಕಕ್ಕೆ ನಿಲ್ಲಿಸಿದಳು. ಬಗ್ಗಿ ನೋಡಿದಳು, ಇಳಿಸಿ ಮತ್ತೆ ನಿಲ್ಲಿಸಿದಳು.

"ನಲವತ್ತೇಳೂವರೆ ಐತ್ರಿ. ಪೈಪ್ ಸದ್ಯಕ್ಕೆ ಬ್ಯಾಡ. ಹಿಂಗೇ ನಡೆಸ್ರಿ."

ಅವರು ನನ್ನ ಕಡೆ ನೋಡಿದರು. ನಾನು ಹುಡುಗಿಯನ್ನು ಔಷಧಿ ಕೊಡುವ ಕಿಟಕಿ ಯಾವ ಕಡೆ ಎಂದು ಕೇಳಿದೆ. ಅಷ್ಟೇ ಹೊಳೆದದ್ದು.

ಸೋಮವಾರ ಅತ್ತೆಯನ್ನು ಕರೆದುಕೊಂಡು ಬಸ್ಸಿನಲ್ಲಿ ಹರಿಹರಕ್ಕೆ ಹೋದೆ. ಒಂದೇ ಮೂರ್ತಿಯಲ್ಲಿ ಅರ್ಧ ಶಿವ, ಅರ್ಧ ವಿಷ್ಣು ನಿಂತಿರುವ ದೇವರು. ದಾರಿಯಲ್ಲಿ ಹೊಸ ಕಾಯಿ ಕೊಳ್ಳೋಣವೇ ಎಂದು ಕೇಳಿದೆ. "ಹರಕಿ ಹೊತ್ತಿದ್ದು ಇದರ ಮೇಲೆ," ಎಂದು ಗಂಟನ್ನು ಮಡಿಲಲ್ಲಿ ಒತ್ತಿ ಹಿಡಿದರು.

ಅರ್ಚಕರು ಬಟ್ಟೆ ಬಿಚ್ಚಿದರು. "ಇದೇನಜ್ಜಿ? ಬರೇ ಕರಟ ಅದಾವಲ್ಲ?"

"ಒಳಗಿಂದು ನನ್ನ ಮಗನ ಹೊಟ್ಟ್ಯಾಗ ಐತೆ ಸ್ವಾಮಿ. ಉಳಿದಿದ್ದು ತಂದೀನಿ. ತಪ್ಪಾಗಿದ್ರೆ ನನಗೆ ಹಾಕ್ರಿ, ಈಕಿಗೆ ಬ್ಯಾಡ."

ಅರ್ಚಕರು ನನ್ನನ್ನೊಮ್ಮೆ, ಅವರನ್ನೊಮ್ಮೆ ನೋಡಿದರು. ಕರಟಗಳನ್ನು ಒಳಗೆ ಒಯ್ದು, ದೇವರ ಪಾದದ ಹತ್ತಿರ ಇಟ್ಟು, ಒಂದರಲ್ಲಿ ಬಿಲ್ವ, ಇನ್ನೊಂದರಲ್ಲಿ ತುಳಸಿ ಹಾಕಿ ತಂದುಕೊಟ್ಟರು. ಅತ್ತೆ ಕಣ್ಣೊರೆಸಿಕೊಂಡರು. ನಾನು ಕೈಮುಗಿದು ನಿಂತಿದ್ದೆ. ಕಾಲ ಕೆಳಗಿನ ಕಲ್ಲು ತಣ್ಣಗಿತ್ತು ಎಂಬುದು ನೆನಪಿದೆ.

ದಾವಣಗೆರೆಯಲ್ಲಿ ಬಸ್ಸು ಇಳಿದು ಎರಡು ಕಾಯಿ ಕೊಂಡೆ. ಅತ್ತೆ ಒಂದೊಂದನ್ನೂ ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿದರು.

"ಮೂರು ತಗ. ಕೆಟ್ಟು ಗಿಟ್ಟು ಹೋದೀತು."

"ಮುಡಿಪಿಗೇನು?"

"ಈ ಸಲ ಮುಡಿಪು ಬ್ಯಾಡ," ಎಂದರು. "ಎಲ್ಲಾ ಅವನಿಗೇ ಹಿಂಡು."

ಆ ರಾತ್ರಿ ದೀಪದ ಮುಂದೆ ಅದನ್ನೇ ಹೇಳಿದೆ. ಮೂರು ಕಾಯಿ ಇವೆ, ಮೂರೂ ಒಳ್ಳೆಯವು.