ಫೋನು ಬೀಳಿಸುವವಳು

ಅವಳ ಕೆಲಸ ಏನೆಂದು ಕೇಳಿದವರೆಲ್ಲ ಮೊದಲು ನಗುತ್ತಿದ್ದರು. ಫೋನು ಕೈಜಾರಿದರೆ ಮನೆಮಂದಿಯಿಂದ ಬೈಸಿಕೊಳ್ಳುವ ಜನ, ಬೀಳಿಸುವುದಕ್ಕೇ ಸಂಬಳ ಎಣಿಸುವವಳನ್ನು ಕಂಡು ಇನ್ನೇನು ಮಾಡಿಯಾರು? ಫೋನಿನ ಕವರು ತಯಾರಿಸುವ ಕಾರ್ಖಾನೆಯ ಹಿಂಬದಿ ಕೋಣೆಯಲ್ಲಿ ಅವಳು ಬೆಳಗಿನಿಂದ ಸಂಜೆಯವರೆಗೆ ಕವರು ತೊಡಿಸಿದ ಫೋನುಗಳನ್ನು ಬೀಳಿಸುತ್ತಿದ್ದಳು. ಗ್ರಾನೈಟಿನ ಮೇಲೆ, ಡಾಂಬರಿನ ತುಂಡಿನ ಮೇಲೆ, ಜಲ್ಲಿ ತುಂಬಿದ ಟ್ರೇಯೊಳಗೆ, ಕೆಸರು ನೀರಿಗೆ. ಬಿಸಿಲಿನಲ್ಲಿಟ್ಟು ಕಾಯಿಸಿದ್ದನ್ನೂ ಬೀಳಿಸಬೇಕು, ಐಸಿನ ಪೆಟ್ಟಿಗೆಯಿಂದ ಆಗತಾನೇ ತೆಗೆದದ್ದನ್ನೂ ಬೀಳಿಸಬೇಕು. ಕಾರ್ಖಾನೆಯಲ್ಲಿ ಎಲ್ಲರ ಬಾಯಲ್ಲೂ ಅವಳು "ಬೀಳ್ಸೋ ಅಕ್ಕ".

ಬೀಳಿಸಲು ಯಂತ್ರವೂ ಒಂದಿತ್ತು. ಆದರೆ ಯಂತ್ರ ಪ್ರತಿಸಲವೂ ಒಂದೇ ತರಹ ಬೀಳಿಸುತ್ತದೆ, ಮನುಷ್ಯರು ಅಷ್ಟು ಶಿಸ್ತಾಗಿ ಎಲ್ಲಿ ಬೀಳಿಸುತ್ತಾರೆ? ಅದಕ್ಕೇ ಅಕ್ಕನ ಕೈ ಬೇಕಾಯಿತು. ಗಾಜಿನ ಗೋಡೆಯ ಆಚೆ, ಬೀಳುವುದನ್ನು ಚಿತ್ರ ಹಿಡಿಯುವ ಕ್ಯಾಮೆರಾದವನು ಕೂತಿರುತ್ತಿದ್ದ. ಅವನು ಸಿದ್ಧನಾಗಿ ಗಂಟೆ ಒತ್ತಿದ ಕೂಡಲೇ ಇವಳ ಬೆರಳು ಬಿಚ್ಚಿಕೊಳ್ಳಬೇಕು.

ಮೊದಲ ದಿನ ಮೇಲ್ವಿಚಾರಕರು ಕಲಿಸಿದ್ದು ಒಂದೇ ಪಾಠ. "ಎಸೀಬೇಡಿ. ಕೈಲಿ ಏನೋ ಇದೆ ಅನ್ನೋದನ್ನೇ ಮರ್ತುಬಿಡಿ."

ಮರೆಯುವುದು ಸುಲಭವಿರಲಿಲ್ಲ. ಗಂಟೆಯಾದ ಮೇಲೂ ಬೆರಳುಗಳು ಒಂದು ಕ್ಷಣ ಗಪ್ಪನೆ ಹಿಡಿದುಕೊಳ್ಳುತ್ತಿದ್ದವು, ಆ ಹಿಡಿತ ಕ್ಯಾಮೆರಾದಲ್ಲಿ ಕಾಣುತ್ತಿತ್ತು. ದಿನ ಕಳೆದಂತೆ ಅದೂ ಹೋಯಿತು. ಗಂಟೆಗೂ ಬೆರಳಿಗೂ ನಡುವೆ ಅವಳೇ ಇಲ್ಲದ ಹಾಗಾಯಿತು. ಕ್ಯಾಮೆರಾದವನಿಗೆ ಖುಷಿಯೋ ಖುಷಿ.

ಆಮೇಲೊಂದು ಸಂಜೆ ಮನೆಯ ಕರೆಗಂಟೆ ಬಾರಿಸಿತು, ಅವಳ ಕೈಯಲ್ಲಿದ್ದ ಗಾಜಿನ ಲೋಟ ನೆಲದ ಮೇಲೆ ಚೂರುಚೂರಾಯಿತು. ಗಂಡ ನಕ್ಕು ಸ್ಟೀಲಿನ ಲೋಟ ತಂದಿಟ್ಟ. ಬಸ್ಸಿನಲ್ಲಿ ಯಾರೋ ಇಳಿಯಲು ಗಂಟೆ ಒತ್ತಿದರೆ ಇವಳ ಚೀಲ ಕಾಲ ಮೇಲೆ. ಕವರು ಕಾರ್ಖಾನೆಯವಳ ಫೋನಿನ ಗಾಜೇ ಬಿರುಕು ಬಿಟ್ಟಿದೆ ಎಂದು ಅಕ್ಕಪಕ್ಕದವರು ಆಡಿಕೊಂಡರು. ಅವಳೂ ಜೊತೆಗೆ ನಗುತ್ತಿದ್ದಳು. ಆದರೆ ರಜೆಯ ಮಧ್ಯಾಹ್ನ ಕಣ್ಣು ಮುಚ್ಚಿದರೆ ಸಾಕು, ಕೈಯಿಂದ ಏನೋ ಜಾರಿ ಬೀಳುತ್ತಿರುವುದು ಕಾಣುತ್ತಿತ್ತು. ಅದು ನೆಲ ಮುಟ್ಟಿದ ಸದ್ದು ಮಾತ್ರ ಬರುತ್ತಲೇ ಇರಲಿಲ್ಲ. ಆ ಸದ್ದಿಗೆ ಕಾದು ಕಾದು ಎಚ್ಚರವಾಗುತ್ತಿತ್ತು, ಮೈಯೆಲ್ಲ ಬೆವರಿರುತ್ತಿತ್ತು.

ಹೀಗಿರುವಾಗಲೇ ಪಕ್ಕದ ಬೀದಿಯಲ್ಲಿದ್ದ ಮಗಳಿಗೆ ಹೆಣ್ಣುಮಗು ಹುಟ್ಟಿತು.

ಮೊಮ್ಮಗಳನ್ನು ಕಂಡು ಅಕ್ಕನ ಜೀವ ಹಿಗ್ಗಿತ್ತು. ಆದರೂ ಎತ್ತಿಕೊಳ್ಳಲಿಲ್ಲ. ಒಂದು ದಿನ ನೆಗಡಿ ಎಂದಳು, ಇನ್ನೊಂದು ದಿನ ಸೊಂಟನೋವು ಎಂದಳು. ಮಗು ಮಲಗಿದ್ದಲ್ಲೇ ಬಗ್ಗಿ ಕೆನ್ನೆ ಸವರುವಳು, ಕೈ ತಟ್ಟನೆ ಹಿಂದೆ ತೆಗೆದುಕೊಳ್ಳುವಳು. ಈ ಕೈ ತನ್ನದೇ ಹೌದೋ ಅಲ್ಲವೋ ಎಂಬ ಭಯ ಅವಳನ್ನು ಒಳಗೊಳಗೇ ತಿನ್ನುತ್ತಿತ್ತು. ಮೇಲ್ವಿಚಾರಕರನ್ನು ಕಾಡಿ ಬೇಡಿ ಪ್ಯಾಕಿಂಗ್ ವಿಭಾಗಕ್ಕೆ ಬದಲಾಯಿಸಿಕೊಂಡಳು. ಗೋಡೆಯಾಚೆ ಗಂಟೆ ಬಾರಿಸುತ್ತಲೇ ಇತ್ತು, ಇಲ್ಲಿ ರಟ್ಟಿನ ಡಬ್ಬಗಳು ಬೀಳುತ್ತಲೇ ಇದ್ದವು.

ಮಗಳು ಸಾಕಷ್ಟು ದಿನ ನೋಡಿದಳು. ಬಾಣಂತಿ ರಜೆ ಮುಗಿದ ಮೇಲೆ ಮಗುವನ್ನು ಅಮ್ಮನ ಹತ್ತಿರವೇ ಬಿಡುವುದೆಂದು ಮಾತಾಗಿತ್ತು, ಅಮ್ಮ ಕೆಲಸ ಬಿಡುವುದೆಂದೂ ಮಾತಾಗಿತ್ತು. ಕೊನೆಗೆ, ಮಗುವಿನೊಂದಿಗೆ ತವರಲ್ಲಿ ಉಳಿಯಲು ಬಂದಿದ್ದ ಒಂದು ದಿನ, ತಡೆಯಲಾರದೆ ಕೇಳಿಯೇಬಿಟ್ಟಳು.

"ಒಂದ್ಸಲಾನಾದ್ರೂ ಇವಳನ್ನ ಎತ್ಕೊಂಡಿದ್ಯಾ? ಇಷ್ಟ ಇಲ್ಲ ಅಂದ್ರೆ ಬಾಯ್ಬಿಟ್ಟು ಹೇಳ್ಬಿಡಮ್ಮ. ಬೇರೆ ಯಾರನ್ನಾದ್ರೂ ನೋಡ್ಕೋತೀನಿ."

ಅಮ್ಮ ಮಗುವಿನ ಬಟ್ಟೆ ಮಡಚತೊಡಗಿದಳು. ನನ್ನ ಕೈ ನನ್ನ ಮಾತು ಕೇಳುವುದಿಲ್ಲ ಎಂದು ಹೇಳಿದರೆ ಯಾವ ಮಗಳು ತಾನೇ ಮಗುವನ್ನು ಹತ್ತಿರ ಬಿಟ್ಟಾಳು? ಹೇಳದಿದ್ದರೂ ಮಗು ಕೈತಪ್ಪುತ್ತದೆ. ಮಗಳು ಮುಖ ಊದಿಸಿಕೊಂಡು ಸ್ನಾನಕ್ಕೆ ಹೋದಳು. ಅಕ್ಕನ ಗಂಡ ಅಂಗಡಿಗೆ ಹೋಗಿದ್ದ, ಎಂದಿನಂತೆ ಬೀಗದ ಕೈ ಮರೆತು.

ಆಗಲೇ ಮಗು ಅಳಲು ಶುರುಮಾಡಿತು. ಮೊದಲು ಸಣ್ಣಗೆ, ಆಮೇಲೆ ಉಸಿರು ಕಟ್ಟುವ ಹಾಗೆ. ಮುಖ ಕೆಂಪಗಾಯಿತು. ಅಕ್ಕ ಕೂಗಿದಳು. ಬಚ್ಚಲಿನ ನೀರಿನ ಸದ್ದಿನಲ್ಲಿ ಮಗಳಿಗೆ ಕೇಳಿಸಲಿಲ್ಲ. ಮಂಚದ ಪಕ್ಕ ನಿಂತು ಅವಳು ತನ್ನ ಎರಡೂ ಕೈಗಳನ್ನು ನೋಡಿಕೊಂಡಳು.

ಕಾರ್ಖಾನೆಯಲ್ಲಿ ಹೊರಗಡೆ ದುಡಿಯುವವರಿಗೆಂದೇ ಒಂದು ಕವರು ಮಾಡುತ್ತಿದ್ದರು. ಕಂಬ ಹತ್ತುವವರು, ದೋಣಿ ನಡೆಸುವವರು ಕೊಳ್ಳುವಂಥದ್ದು. ಅದಕ್ಕೊಂದು ದಾರ, ದಾರದ ತುದಿ ಮಣಿಕಟ್ಟಿಗೆ. ಅದನ್ನು ಬೀಳಿಸಿದ ದಿನ ಗಂಟೆಯಾಯಿತು, ಕೈ ಬಿಚ್ಚಿತು, ಫೋನು ಮಾತ್ರ ನೆಲ ಮುಟ್ಟದೆ ಮೊಣಕಾಲ ಹತ್ತಿರ ತೂಗಾಡಿತು. ಆವತ್ತು ಏಕೋ ಅವಳಿಗೆ ಅಳು ಬಂದಿತ್ತು.

ಹಳೆಯ ಹತ್ತಿ ಹೊದಿಕೆಯನ್ನು ಎಳೆದುಕೊಂಡಳು. ಮಂಚದ ಮೇಲೆ ಕೂತು, ಮಗುವನ್ನು ಎದೆಗೆ ಒತ್ತಿ, ಹೊದಿಕೆಯನ್ನು ಅದರ ಬೆನ್ನಿನ ಮೇಲಿಂದ ತನ್ನ ಮೈಗೆ ಸುತ್ತಿ ತಂದು ಹೆಗಲ ಮೇಲೆ ಗಂಟು ಹಾಕಿದಳು. ಅದರ ಮೇಲೆ ಇನ್ನೊಂದು ಗಂಟು ಬಿಗಿದಳು. ಆಮೇಲೆ ಕೈಯಲ್ಲೂ ತಬ್ಬಿಕೊಂಡು ಎದ್ದು ನಿಂತಳು. ಮಗು ಬಿಕ್ಕಿ ಬಿಕ್ಕಿ ಸುಮ್ಮನಾಯಿತು. ಅದರ ಪುಟ್ಟ ಕೈಗಳು ಹೊದಿಕೆಯ ಹೊರಗೆ ಮುಷ್ಟಿ ಕಟ್ಟಿಕೊಂಡಿದ್ದವು.

ಕರೆಗಂಟೆ ಬಾರಿಸಿತು.

ಕೈಗಳು ಬಿಚ್ಚಿಕೊಂಡವು. ಅವಳು ಕಣ್ಣು ಮುಚ್ಚಿಕೊಂಡು ಸದ್ದಿಗೆ ಕಾದಳು. ಕನಸಿನ ಹಾಗೆಯೇ ಸದ್ದು ಬರಲಿಲ್ಲ. ಹೆಗಲಿನ ಗಂಟು ಜಗ್ಗಿತು, ಕುತ್ತಿಗೆಗೆ ಬೆಚ್ಚಗೆ ಉಸಿರು ತಗುಲಿತು.

ಕಣ್ಣು ತೆರೆದರೆ ಒದ್ದೆ ತಲೆಯ ಮಗಳು ಎದುರಿಗೇ ನಿಂತಿದ್ದಳು.

"ಯಾಕಮ್ಮ ಹಂಗೆ ಕೈ ಬಿಟ್ಕೊಂಡು ನಿಂತಿದ್ಯಾ?"

ಇನ್ನು ಮುಚ್ಚಿಡುವುದೇನಿತ್ತು? ಮಗುವನ್ನು ಮತ್ತೆ ತಬ್ಬಿಕೊಂಡು, ಲೋಟದಿಂದ ಹಿಡಿದು ರಟ್ಟಿನ ಡಬ್ಬದವರೆಗೆ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. "ಇಷ್ಟ ಇಲ್ದೆ ಅಲ್ಲ ಕಣೇ. ಹೆದರಿಕೆ" ಎಂದಳು. ಮಗಳ ಮುಖ ಬಿಳುಚಿಕೊಂಡಿತು. ಹತ್ತಿರ ಬಂದು ಹೆಗಲ ಗಂಟಿಗೆ ಕೈ ಹಾಕಿದಳು. ಬಿಚ್ಚಿ ಮಗುವನ್ನು ಕಿತ್ತುಕೊಳ್ಳುತ್ತಾಳೆ, ಅಲ್ಲಿಗೆ ಮುಗಿಯಿತು ಎಂದುಕೊಂಡಳು ಅಕ್ಕ.

ಹೊರಗೆ ಗಂಡ ಮತ್ತೆ ಗಂಟೆ ಒತ್ತಿದ.

ಅಮ್ಮನ ಕೈಗಳು ಬಿಚ್ಚಿದ್ದನ್ನು ಮಗಳು ಕಣ್ಣಾರೆ ಕಂಡಳು. ಅದೇ ಗಳಿಗೆಗೆ ಮಗು ಬೆಚ್ಚಿಬಿದ್ದು ತನ್ನ ಎರಡೂ ಮುಷ್ಟಿಗಳನ್ನು ಅಗಲಕ್ಕೆ ಬಿಚ್ಚಿತು. ಹತ್ತು ಬೆರಳುಗಳೂ ಗಾಳಿಯಲ್ಲಿ ಹಾಗೇ ನಡುಗುತ್ತಾ ನಿಂತವು. ತನ್ನ ರೋಗ ಹಸುಗೂಸಿಗೂ ಅಂಟಿತೇನೋ ಎಂದುಕೊಂಡಳು ಅಕ್ಕ.

ಮಗಳು ನಕ್ಕಳು, ಕಣ್ಣಲ್ಲಿ ನೀರಿತ್ತು. "ಹುಟ್ಟಿದಾಗಿಂದ ಹಿಂಗೇ ಮಾಡ್ತಾಳಮ್ಮ. ಸದ್ದಾದ್ರೆ ಕೈ ಬಿಚ್ಚಿಬಿಡ್ತಾಳೆ. ಎಲ್ಲಾ ಮಕ್ಳೂ ಹಂಗೇ ಅಂತೆ. ಎತ್ಕೊಂಡಿದ್ರೆ ತಾನೇ ನಿಂಗೆ ಗೊತ್ತಾಗೋದು."

ಗಂಟನ್ನು ಬಿಚ್ಚಲಿಲ್ಲ. ಇನ್ನಷ್ಟು ಬಿಗಿದಳು. ಮಗುವಿನ ಅಂಗೈಗೆ ತನ್ನ ಬೆರಳು ಕೊಟ್ಟಳು, ಇನ್ನೊಂದು ಕೈಯಲ್ಲಿ ಅಮ್ಮನ ಕೈ ಹಿಡಿದುಕೊಂಡಳು.

ಮೂರನೇ ಸಲ ಗಂಟೆ ಬಾರಿಸಿತು. ಮಗಳ ಮುಷ್ಟಿಯೊಳಗೆ ಅಮ್ಮನ ಬೆರಳುಗಳು ಬಿಚ್ಚಿಕೊಳ್ಳಲು ಒದ್ದಾಡಿದವು. ಮಗಳು ಬಿಡಲಿಲ್ಲ.